ಅದೇ ಆರು ತುಂಡು, ನಾಲ್ಕು ಬಟ್ಟಲು: ಸಿಂಗಪುರದ ಯಾಂಗ್ ಟೌ ಫೂ ತಿಂದು ನೋಡಿದ್ದು

ಹೂರಣ ತುಂಬಿದ ತೋಫು, ತರಕಾರಿ ತುಂಡುಗಳನ್ನು ಬಟ್ಟಲಿಗೆ ಹಾಕಿಕೊಡುವ ತಿನಿಸು ಯಾಂಗ್ ಟೌ ಫೂ. ನಮ್ಮ ಮನೆಯಲ್ಲಿ ಅದರ ವಿಚಾರಕ್ಕೆ ಎರಡು ಪಕ್ಷ. ಮಗಳಿಗೆ ಮನೆ ಹತ್ತಿರದ ಮಾಲ್‌ನಲ್ಲಿರುವ ಸರಣಿ ಹೋಟೆಲೇ ಆಗಬೇಕು. ನನಗೆ ಚೈನಾಟೌನ್ ಕಾಂಪ್ಲೆಕ್ಸ್‌ನ ಎರಡನೇ ಮಹಡಿ. ಯಜಮಾನರು ಮಲೆನಾಡಿನ ಸಾಗರದ ಕಡೆಯವರು, ಮೀನು ಮುಟ್ಟುವುದಿಲ್ಲ, ಹಾಗಾಗಿ ಅವರು ಯಾವ ಪಕ್ಷಕ್ಕೂ ಸೇರಿದವರಲ್ಲ. ಅತ್ತೆ ಊರಿಂದ ಬಂದಾಗ ಮಾತ್ರ ಈ ಜಗಳ ತೀರ್ಮಾನವಾಗಲೇಬೇಕಾಯಿತು. ಅದಕ್ಕೇ ಒಂದು ತಿಂಗಳಲ್ಲಿ ನಾಲ್ಕು ಕಡೆ, ಸಾಧ್ಯವಾದಷ್ಟು ಅದೇ ಆರು ತುಂಡು ಆರಿಸಿ ತಿಂದೆ: ಮೆತ್ತನೆಯ ತೋಫು ಅಂದರೆ ಸೋಯಾ ಹಾಲಿನ ಪನೀರು, ಟೌ ಪೊಕ್ ಅಂದರೆ ಕರಿದು ಉಬ್ಬಿಸಿದ ತೋಫು, ಹಾಗಲಕಾಯಿ, ಬೆಂಡೆ, ಬದನೆ, ಸೋಯಾ ಹಾಲಿನ ಕೆನೆ ಒಣಗಿಸಿ ಮಾಡುವ ಫೂ ಚಾಕ್. ಜತೆಗೆ ಅಕ್ಕಿಯ ಸಣ್ಣ ಶ್ಯಾವಿಗೆ, ಇಲ್ಲಿಯವರ ಬಾಯಲ್ಲಿ ಬೀ ಹೂನ್.

ಹೆಸರಿನ ಅರ್ಥವೇ ಹೂರಣ ತುಂಬಿದ ತೋಫು. ಇದು ಹಕ್ಕಾ ಚೀನೀಯರ ಅಡುಗೆ. ಉತ್ತರದಿಂದ ದಕ್ಷಿಣ ಚೀನಾಕ್ಕೆ ವಲಸೆ ಬಂದ ಹಕ್ಕಾಗಳಿಗೆ ಕಡುಬು ಮಾಡಲು ಗೋಧಿ ಹಿಟ್ಟು ಸಿಗದೆ, ತೋಫುವಿನ ಹೊಟ್ಟೆಗೇ ಮಾಂಸ ತುಂಬಿದರು ಅಂತ ಒಂದು ಐತಿಹ್ಯ. ನಮ್ಮೂರ ಗೋಬಿ ಗಾಡಿಯಲ್ಲಿ ಸಿಗುವ ಹಕ್ಕಾ ನೂಡಲ್ಸ್‌ಗೆ ಹೆಸರು ಬಂದದ್ದೂ ಕೋಲ್ಕತ್ತಾದಲ್ಲಿ ನೆಲೆಸಿದ ಇದೇ ಜನರಿಂದ. ಮೂಲದಲ್ಲಿ ಹಂದಿಮಾಂಸದ ಹೂರಣ. ಸಿಂಗಪುರದಲ್ಲಿ ಅದು ಹೆಚ್ಚಾಗಿ ಮೀನಿನ ಮುದ್ದೆ. ತೋಫು ಸಾಲದೆ ಹಾಗಲ, ಬೆಂಡೆ, ಬದನೆ, ಮೆಣಸಿನಕಾಯಿಗೂ ತುಂಬುತ್ತಾರೆ. ಎಣ್ಣೆಗಾಯಿ ತಿಂದು ಬೆಳೆದ ನಮಗೆ ಇದು ಹೊಸ ವಿದ್ಯೆಯೇನಲ್ಲ.

ಮೊದಲು ಮಗಳ ಪಕ್ಷ. ಈ ಸರಣಿಯ ಹೆಸರು ಬರೆಯುವುದಿಲ್ಲ. ಗಾಜಿನ ಹಿಂದೆ ಮೂವತ್ತಕ್ಕೂ ಹೆಚ್ಚು ಬಗೆ, ತಣ್ಣಗೆ, ಸಾಲಾಗಿ. ಬಟ್ಟಲು, ಇಕ್ಕಳ ಹಿಡಿದು ನಾವೇ ಆರಿಸಿ ಕೊಟ್ಟರೆ ಕುದಿನೀರಲ್ಲಿ ಅದ್ದಿ, ಸೂಪ್ ಹೊಯ್ದು ಕೊಡುತ್ತಾರೆ. ಬೇಕಿದ್ದರೆ ಲಕ್ಸಾ ಸಾರು, ಇಲ್ಲವೇ ನಾಲಿಗೆ ಮರಗಟ್ಟಿಸುವ ಖಾರದ ಮಾಲಾ. ಸ್ವಚ್ಛತೆಗೆ ಎರಡು ಮಾತಿಲ್ಲ. ಹಲಾಲ್ ಫಲಕವೂ ಇದೆ, ಅಂದರೆ ಹಂದಿ ಮತ್ತು ಅದರ ಕೊಬ್ಬು ಸೋಕಿರುವುದಿಲ್ಲ. ಮೀನು ತಿಂದರೂ ಹಂದಿ ಒಲ್ಲದ ನಮ್ಮವರಿಗೆ ಇದು ದೊಡ್ಡ ಅನುಕೂಲ. ಆದರೆ ಬೆಂಡೆಕಾಯಿ ಕಚ್ಚಿದಾಗ ಒಳಗಿನ ಮೀನು ರಬ್ಬರಿನಂತೆ ಹಲ್ಲಿಗೆ ತಾಗಿತು, ಮೀನಿಗಿಂತ ಹಿಟ್ಟಿನ ರುಚಿಯೇ ಮುಂದೆ. ಟೌ ಪೊಕ್‌ಗೆ ಬೆಳಗ್ಗೆ ಕರಿದ ಎಣ್ಣೆಯ ಹಳಸಲು ವಾಸನೆ. ಸೂಪ್ ಬರೀ ಉಪ್ಪು. ನೂಡಲ್ಸನ್ನೂ ಒಂದು ತುಂಡಿನ ಲೆಕ್ಕಕ್ಕೆ ಹಿಡಿದು ಒಂಬತ್ತು ಡಾಲರ್ ದಾಟಿಸಿದರು. ಮಗಳು ಲಕ್ಸಾ ಹಾಕಿಸಿಕೊಳ್ಳುವುದು ಯಾಕೆ ಅಂತ ಆಗ ತಿಳಿಯಿತು. ಗಟ್ಟಿ ತೆಂಗಿನ ಹಾಲಿನ ಆ ಸಾರಿನಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ. ಅವಳ ಗೆಳತಿಯರೆಲ್ಲ ಮೆಚ್ಚುವುದೂ ಲಕ್ಸಾ ಬಟ್ಟಲನ್ನೇ, ಸೂಪ್ ಬಟ್ಟಲಿನ ಸುದ್ದಿ ಯಾರೂ ಎತ್ತುವುದಿಲ್ಲ.

ಇನ್ನು ನನ್ನ ಪಕ್ಷ. ಚೈನಾಟೌನ್ ಕಾಂಪ್ಲೆಕ್ಸ್ ಸಿಂಗಪುರದ ಅತಿ ದೊಡ್ಡ ಹಾಕರ್ ಸೆಂಟರ್, ಅಂದರೆ ಒಂದೇ ಸೂರಿನಡಿ ಸಣ್ಣ ಸಣ್ಣ ತಿಂಡಿ ಅಂಗಡಿಗಳು ಸೇರಿರುವ ತಾಣ, ಇನ್ನೂರಕ್ಕೂ ಮೀರಿದ ಅಂಗಡಿಗಳು. ಈ ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಸೇರಬೇಕಾದದ್ದೇ. ನಾನು ಹೋಗುವ ಅಂಗಡಿಯಲ್ಲಿ ಆರಿಸುವ ಗೊಡವೆಯಿಲ್ಲ, ಆಂಟಿ ಹಾಕಿದ್ದೇ ಬಟ್ಟಲು. ಬದನೆ ಕೊಡಿ ಅಂತ ಕೇಳಿದರೆ ಹಾಕುತ್ತಾರೆ. ಹಾಗಲ ಇದ್ದ ದಿನ ಉಂಟು, ಇಲ್ಲದ ದಿನ ಇಲ್ಲ. "ಸೂಪ್? ಡ್ರೈ?" ಅಷ್ಟೇ ಮಾತು. ಆ ಎರಡು ಶಬ್ದದೊಳಗೆ ಉತ್ತರ ಕೊಡದಿದ್ದರೆ ಸಾಲಿನ ಹಿಂದಿನವರು ಕೆಮ್ಮುತ್ತಾರೆ.

ಇಲ್ಲಿ ಗೆಲ್ಲುವುದು ಸಾರು. ಇಕಾನ್ ಬಿಲಿಸ್ ಎಂಬ ಸಣ್ಣ ಒಣಮೀನು, ಅಂದರೆ ನಮ್ಮ ಕರಾವಳಿಯ ಕೊಲ್ಲತರುವಿನ ಕುಲದ್ದು, ಮತ್ತು ಸೋಯಾ ಕಾಳು ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ. ಕುಂದಾಪುರದಲ್ಲಿ ಮಳೆಗಾಲದ ಮಧ್ಯಾಹ್ನ ಅಮ್ಮ ಒಣಮೀನು ಸುಡುವಾಗ ಅಂಗಳದ ತನಕ ಬರುತ್ತಿದ್ದ ಪರಿಮಳ ಮೊದಲ ಚಮಚೆಗೇ ನೆನಪಾಯಿತು. ಮೇಲೆ ಒಂದಷ್ಟು ಹುರಿದ ಈರುಳ್ಳಿ. ಮೀನಿನ ಮುದ್ದೆಯೂ ಅಂಗಡಿಯಲ್ಲೇ ತಯಾರಾದದ್ದು: ಬಟಾಂಗ್, ಅದು ನಮ್ಮ ಅಂಜಲಿನ ಜಾತಿಯೇ, ಅದರ ಮಾಂಸ ಕೆರೆದು, ಉಪ್ಪುನೀರು ಬೆರೆಸಿ, ಪಾತ್ರೆಗೆ ಬಡಿದು ಬಡಿದು ಹದ ಮಾಡುತ್ತಾರೆ. ಬಡಿದಷ್ಟೂ ಪುಟಿಯುವ ಗುಣ ಬರುತ್ತದೆ. ಬೆಳಗ್ಗೆ ಬೇಗ ಹೋದರೆ ಆ ಪಟ್ ಪಟ್ ಸದ್ದು ಕೇಳಬಹುದು.

ಅವತ್ತು ನನ್ನ ಅದೃಷ್ಟಕ್ಕೆ ಹಾಗಲ ಇತ್ತು. ಬಳೆಯಂತೆ ಕತ್ತರಿಸಿದ ಆ ತುಂಡನ್ನು ಚಾಪ್‌ಸ್ಟಿಕ್‌ನಲ್ಲಿ ಎತ್ತಿ ನೋಡಿದೆ. ಹಸಿರು ಅಂಚು ಬೆಂದಿತ್ತು, ಆದರೆ ಬಾಡಿರಲಿಲ್ಲ. ನಡುವಿನ ಮೀನು ಬೆಳ್ಳಗೆ, ಅಂಚಿಗೆ ಒಂದಿಷ್ಟೂ ಸಂದು ಬಿಡದೆ ಅಂಟಿಕೊಂಡಿತ್ತು. ಹೂರಣ ಬಿಟ್ಟುಕೊಂಡು ಬಟ್ಟಲಲ್ಲಿ ಬೇರೆಯಾಗಿ ತೇಲಿದರೆ ತುಂಬಿಸಿ ಬಹಳ ಹೊತ್ತಾಗಿದೆ ಅಂತಲೇ ಲೆಕ್ಕ. ಬಾಯಿಗಿಟ್ಟರೆ ಮೊದಲು ಕಹಿ, ಬೆನ್ನಿಗೇ ಮೀನಿನ ಸಿಹಿ. ಆರು ಡಾಲರಿಗೂ ಕಡಿಮೆ. ಕೊರತೆ ಅಂದರೆ ಸೆಕೆ, ಜಾಗದ ಅಭಾವ, ಮಧ್ಯಾಹ್ನ ಒಂದು ದಾಟಿದರೆ ಮುಗಿದೇ ಹೋಗುವುದು. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಕೂರಬೇಡಿ, ಯಾರೋ ಜಾಗ ಹಿಡಿದಿದ್ದಾರೆ. ಉಂಡ ತಟ್ಟೆ ನಾವೇ ಹಿಂದಿರುಗಿಸಬೇಕು, 2021ರ ಸೆಪ್ಟೆಂಬರ್‌ನಿಂದ ಹಾಕರ್ ಸೆಂಟರ್‌ಗಳಲ್ಲಿ ಇದನ್ನು ಬಿಗಿಯಾಗಿ ಜಾರಿ ಮಾಡುತ್ತಿದ್ದಾರೆ.

ಮೂರನೆಯದು ಆಂಪಾಂಗ್ ಶೈಲಿ. ಆಂಪಾಂಗ್ ಇರುವುದು ಮಲೇಷ್ಯಾದಲ್ಲಿ, ಕ್ವಾಲಾಲಂಪುರದ ಪಕ್ಕ. 1857ರಲ್ಲಿ ಚೀನೀ ಕಾರ್ಮಿಕರು ತವರದ ಅದಿರು ಹುಡುಕಿ ಬಂದ ಊರು. ಅಲ್ಲಿ ಬೆಳೆದ ಪದ್ಧತಿಯಲ್ಲಿ ಹೆಚ್ಚಿನ ತುಂಡುಗಳನ್ನು ಕರಿದು, ಹುಳಿಸಿದ ಸೋಯಾ ಕಾಳಿನ ಕಂದು ಗೊಜ್ಜು ಸುರಿಯುತ್ತಾರೆ. ನಾನು ತಿಂದದ್ದು ಈಸ್ಟ್ ಕೋಸ್ಟ್ ರಸ್ತೆಯ ಕಡೆಯ ಒಂದು ಅಂಗಡಿಯಲ್ಲಿ. ಮೊದಲ ನಾಲ್ಕು ತುತ್ತು ಬಲು ಸೊಗಸು. ಬದನೆಯಂತೂ ನಾಲ್ಕೂ ಕಡೆಗಿಂತ ಇಲ್ಲಿಯದೇ ಮೇಲು, ಕರಿದ ಸಿಪ್ಪೆ ಗರಿಗರಿ, ಒಳಗೆ ಬೆಣ್ಣೆ. ಆಮೇಲೆ ಗೊಜ್ಜು ಎಲ್ಲವನ್ನೂ ಒಂದೇ ರುಚಿಗೆ ಎಳೆದುಬಿಡುತ್ತದೆ. ತೋಫು ಯಾವುದು, ಫೂ ಚಾಕ್ ಯಾವುದು ಅಂತ ನಾಲಿಗೆಗೆ ಗೊತ್ತಾಗುವುದಿಲ್ಲ. ಗೊಜ್ಜಿನಲ್ಲಿ ಕೊಚ್ಚಿದ ಮಾಂಸ ಇರುತ್ತದೆ, ಯಾವುದರದ್ದೆಂದು ಕೇಳಿಯೇ ಹಾಕಿಸಿಕೊಳ್ಳಿ. ನಾಲ್ಕು ಜನ ಹೋಗಿ ತಟ್ಟೆಗಳನ್ನು ಹಂಚಿಕೊಂಡು ತಿನ್ನುವುದಾದರೆ ಸರಿ, ಒಬ್ಬರಿಗೆ ಭಾರ.

ಇಷ್ಟಾದರೂ ಸಸ್ಯಾಹಾರಿಯಾದ ಅತ್ತೆಯನ್ನು ಈ ಮೂರು ಕಡೆಗೂ ಕರೆದೊಯ್ಯುವಂತಿರಲಿಲ್ಲ. ಇಲ್ಲಿಗೆ ಹೊಸದಾಗಿ ಬರುವ ನಮ್ಮ ಸಸ್ಯಾಹಾರಿಗಳು ಎಡವುವುದು ಇಲ್ಲೇ. ಬರೀ ತೋಫು, ಸೊಪ್ಪು, ಅಣಬೆ ಆರಿಸಿಕೊಂಡೆವು, ಇದರಲ್ಲೇನಿದೆ ಅಂದುಕೊಳ್ಳುತ್ತಾರೆ. ಸಾರು ಒಣಮೀನಿನದು, ಅದ್ದುವ ಕುದಿನೀರು ಎಲ್ಲದಕ್ಕೂ ಒಂದೇ, ಇಕ್ಕಳವೂ ಒಂದೇ. ಸೂಪ್ ಬೇಡ ಅಂದ ಮಾತ್ರಕ್ಕೆ ಅದು ಸಸ್ಯಾಹಾರ ಆಗುವುದಿಲ್ಲ. ಕಟ್ಟುನಿಟ್ಟಿನವರನ್ನು ದಯವಿಟ್ಟು ಅಲ್ಲಿಗೆ ಕರೆದೊಯ್ಯಬೇಡಿ.

ಅವರನ್ನು ವಾಟರ್ಲೂ ಸ್ಟ್ರೀಟ್‌ಗೆ ಕರೆದುಕೊಂಡು ಹೋದೆ. 1870ರಿಂದ ಇರುವ ಶ್ರೀಕೃಷ್ಣ ದೇವಸ್ಥಾನ, ಅದರ ಪಕ್ಕಕ್ಕೇ ಚೀನೀ ಬೌದ್ಧರ ಕರುಣೆಯ ದೇವತೆ ಕ್ವಾನ್ ಇಮ್‌ಳ ದೇವಾಲಯ. ಚೀನೀ ಭಕ್ತರು ಅಲ್ಲಿ ಮುಗಿಸಿ ಬಂದು ಕೃಷ್ಣನ ಬಾಗಿಲಲ್ಲೂ ಊದುಬತ್ತಿ ಹಚ್ಚುತ್ತಿದ್ದರು. ಅತ್ತೆ ಬಹಳ ಹೊತ್ತು ನಿಂತು ನೋಡಿದರು. ಅಲ್ಲಿಂದ ನಾಲ್ಕು ಹೆಜ್ಜೆಗೆ ಮಿಡ್ಲ್ ರಸ್ತೆಯ ಫಾರ್ಚೂನ್ ಸೆಂಟರ್, ಒಂದೇ ಕಟ್ಟಡದಲ್ಲಿ ಹಲವು ಸಸ್ಯಾಹಾರಿ ಹೋಟೆಲುಗಳು. ಬೌದ್ಧ ಪದ್ಧತಿಯ ಚೀನೀ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಇರುವುದಿಲ್ಲ. ಇದನ್ನು ಹೇಳಿದ ಮೇಲೆಯೇ ಅವರು ಕುರ್ಚಿ ಎಳೆದುಕೊಂಡದ್ದು.

"ಮೊಟ್ಟೆ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಮೀನಿನಂತೆ, ಮಾಂಸದಂತೆ ಮಾಡುವ ಸೋಯಾ ತುಂಡುಗಳಿಗೆ ಕೆಲವು ಕಡೆ ಮೊಟ್ಟೆಯ ಬಿಳಿ ಬೆರೆಸುತ್ತಾರೆ. ವಿಚಾರಿಸಿ, ಅಂಥವನ್ನು ಬಿಟ್ಟು, ಅಣಬೆ ಮತ್ತು ಕ್ಯಾರೆಟ್ ಕೊಚ್ಚಿ ತುಂಬಿದ ತೋಫು, ಬದನೆ, ಟೌ ಪೊಕ್ ಹಾಕಿಸಿದೆ. ಸಾರು ಸೋಯಾ ಕಾಳು, ಅಣಬೆ, ಮೂಲಂಗಿಯದು. ಮೀನಿನ ಸಾರಿನಷ್ಟು ಆಳ ಇಲ್ಲ, ನಿಜ. ಆದರೆ ಟೌ ಪೊಕ್ ತಾಜಾ ಇತ್ತು. ಸಾರು ಹೀರಿಕೊಂಡು, ಸಾಂಬಾರಿನಲ್ಲಿ ನೆನೆದ ಉದ್ದಿನ ವಡೆಯ ಹಾಗೆ, ಒತ್ತಿದರೆ ಬಾಯೊಳಗೇ ರಸ ಬಿಡುವಷ್ಟು. ಮಾಲ್‌ನ ಸರಣಿಯಲ್ಲಿ ನನಗೆ ಸಿಗದೇ ಹೋದದ್ದು ಇದೇ.

ಅತ್ತೆ ಹಸಿಮೆಣಸಿನ ಸಾಸ್ ಮುಟ್ಟಲಿಲ್ಲ, ಎಳ್ಳು ಉದುರಿಸಿದ ಸಿಹಿ ಕೆಂಪು ಸಾಸನ್ನು ಮಾತ್ರ ಎರಡು ಸಲ ಕೇಳಿ ಹಾಕಿಸಿಕೊಂಡರು. ಬದನೆಕಾಯಿ ತುಂಡನ್ನು ತಿರುಗಿಸಿ ನೋಡಿ, "ಇದಕ್ಕೆ ಒಂದು ಚೂರು ಹುಳಿ, ಬೆಲ್ಲ ಬೀಳಬೇಕಿತ್ತು ಕಣೇ" ಅಂದರು. ಬಟ್ಟಲು ಖಾಲಿ ಮಾಡಿದರು. ಮುಂದಿನ ಶನಿವಾರ ಮತ್ತೆ ಅಲ್ಲಿಗೇ ಹೊರಟಿದ್ದೇವೆ. ಈ ಸಲ ಮಗಳೂ ಬರುತ್ತೇನೆ ಅಂದಿದ್ದಾಳೆ.