ಬಸ್ಸಿಗೆ ಹೊಂದುವ ಸೆಂಟು ಯಾವುದು? ಯಾರಾ, ಯಾರ್ಡ್ಲಿ, ಮಿಸ್ಟ್

ಕಾಸರಗೋಡಿನಲ್ಲಿ ಸೆಂಟಿಗೇನೂ ಬರಗಾಲ ಇಲ್ಲ. ಗಲ್ಫಿನಿಂದ ಯಾರಾದರೂ ರಜೆಗೆ ಬಂದರೆ ಪೆಟ್ಟಿಗೆಯಲ್ಲಿ ಒಂದೆರಡು ಬಾಟಲಿ ಇದ್ದೇ ಇರುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ಮದುವೆ ಮನೆಗೇ ಸರಿ. ನನಗೆ ಬೇಕಿದ್ದದ್ದು ಬೆಳಿಗ್ಗೆ ಕುಂಬಳೆಯಲ್ಲಿ ಬಸ್ ಹತ್ತುವಾಗ ಹಾಕಿಕೊಳ್ಳುವಂಥದ್ದು. ಸ್ವಲ್ಪ ಹೂವು, ಸ್ವಲ್ಪ ಹಣ್ಣು, ಬೆಲೆಯೂ ಕೈಗೆಟುಕಬೇಕು.

ಮೊದಲು ಲತಾಫಾ ಕಂಪೆನಿಯ ‘ಯಾರಾ’ ಅನ್ನುವ ಸೆಂಟು. ತಿಳಿಗುಲಾಬಿ ಬಾಟಲಿ, 100 ಮಿ.ಲೀ. ಶುರುವಿಗೆ ಆರ್ಕಿಡ್ ಮತ್ತು ಕಿತ್ತಳೆಯ ಚಿಕ್ಕ ತಂಗಿಯಂಥ ಟ್ಯಾಂಜರಿನ್, ಆಮೇಲೆ ಸಿಹಿ ಹಣ್ಣು, ಕೊನೆಗೆ ವೆನಿಲಾ. ಪರಿಮಳ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಸೆಕೆಗೆ, ತುಂಬಿದ ಬಸ್ಸಿನಲ್ಲಿ ಆ ಸಿಹಿ ಇನ್ನೂ ಜಾಸ್ತಿ ಏಳುತ್ತದೆ. "ಏನಕ್ಕಾ, ಇವತ್ತು ಮದುವೆ ಉಂಟಾ?" ಅಂತ ಪಕ್ಕದ ಸೀಟಿನ ಹುಡುಗಿ ಕೇಳಿಯೇಬಿಟ್ಟಳು. ಸಂಜೆಯ ಕಾರ್ಯಕ್ರಮಕ್ಕೆ ಒಂದೇ ಸಲ ಒತ್ತಿದರೆ ಸಾಕು. ಹಾಗೆ ಲೆಕ್ಕ ಹಾಕಿದರೆ ಇದೇ ಅಗ್ಗ. ಒಂದು ಸಲ ಒತ್ತಿದರೆ ಸುಮಾರು 0.1 ಮಿ.ಲೀ. ಹೊರಗೆ ಬರುತ್ತದೆ, ಬಾಟಲಿ ಬೇಗ ಮುಗಿಯುವುದೇ ಇಲ್ಲ.

ಯಾರ್ಡ್ಲಿಯ ಇಂಗ್ಲಿಷ್ ರೋಸ್ ತಣ್ಣಗಿನ ಸ್ವಭಾವದ್ದು. ಗುಲಾಬಿಯದ್ದೇ ಕಾರುಬಾರು, ಹಣ್ಣನ್ನು ಹುಡುಕಬೇಕು. ಆಫೀಸಿಗೆ ಒಳ್ಳೆಯದು. ತಲೆಗೆ ಮಲ್ಲಿಗೆ ಮುಡಿದ ದಿನ ಮಾತ್ರ ಎರಡಕ್ಕೂ ಸರಿಬರುವುದಿಲ್ಲ.

ಬಾತ್ ಆ್ಯಂಡ್ ಬಾಡಿ ವರ್ಕ್ಸ್‌ನ ಜಪಾನೀಸ್ ಚೆರ್ರಿ ಬ್ಲಾಸಂ ಮಿಸ್ಟ್ (ಮೈಗೆ ಹಾಕುವ ತೆಳು ಸೆಂಟು) ನನಗೆ ಶಾರ್ಜಾದಿಂದ ಅತ್ತಿಗೆ ತಂದುಕೊಟ್ಟದ್ದು. 236 ಮಿ.ಲೀ.ನ ಉದ್ದ ಬಾಟಲಿ. ಪಿಯರ್ ಹಣ್ಣು, ಹೂವು, ಹಗುರ. ಮಲ್ಲಿಗೆ ಜೊತೆಗೂ ಜಗಳವಿಲ್ಲ. ಆದರೆ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಬರುವಷ್ಟರಲ್ಲಿ ಅರ್ಧ ಹೋಗಿರುತ್ತದೆ. ಹೋಗದೆ ಏನು ಮಾಡೀತು? ಸಾಮಾನ್ಯವಾಗಿ ಬಾಡಿ ಮಿಸ್ಟ್‌ನಲ್ಲಿ ಪರಿಮಳದ ಎಣ್ಣೆ ಶೇ. 1ರಿಂದ 3 ಇರುತ್ತದೆ, ಯಾರಾದಂಥ ಗಟ್ಟಿ ಸೆಂಟು, ಅಂದರೆ ಓ ದ ಪರ್ಫ್ಯೂಮ್‌ನಲ್ಲಿ ಶೇ. 15ರಿಂದ 20.

ಇನ್ನೊಂದು ವಿಷಯ ಉಂಟು. ಯಾವ ಸೆಂಟಿನಲ್ಲೂ ಸಾಮಾನ್ಯವಾಗಿ ಹಣ್ಣೇ ಮೊದಲು ಜಾಗ ಖಾಲಿ ಮಾಡುವುದು. ಕಿತ್ತಳೆ, ಪಿಯರ್ ವಾಸನೆ ಕೊಡುವ ಅಣುಗಳು ಚಿಕ್ಕವು, ಬೇಗ ಆರಿ ಹೋಗುತ್ತವೆ. ಪೀಚ್ ಹಾಗಲ್ಲ. ಅದರ ವಾಸನೆಗೆ ಬಳಸುವ ಲ್ಯಾಕ್ಟೋನ್ ಅನ್ನುವ ರಾಸಾಯನಿಕ ಭಾರದ್ದು, ಮಧ್ಯಾಹ್ನದವರೆಗೂ ಮೈಮೇಲೆ ಕೂತಿರುತ್ತದೆ. ಹಾಗಾಗಿ ಹಣ್ಣು ಉಳಿಯಬೇಕು ಅನ್ನುವವರು ಡಬ್ಬದ ಮೇಲೆ ಪೀಚ್ ಇದೆಯಾ ನೋಡಿ. ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ಸುಮ್ನೆ ದುಡ್ಡು ಕೊಡಬೇಡಿ. ಮಣಿಕಟ್ಟಿಗೆ ಹಾಕಿಕೊಂಡು ಪೇಟೆಯ ಉಳಿದ ಕೆಲಸ ಮುಗಿಸಿ ಬನ್ನಿ. ಅಷ್ಟು ಹೊತ್ತಿಗೆ ಉಳಿದದ್ದೇ ಅದರ ನಿಜವಾದ ವಾಸನೆ, ಅಲ್ವಾ?

ದಿನದ ಬಳಕೆಗೆ ನನ್ನ ಓಟು ಮಿಸ್ಟ್‌ಗೇ. ಬೇಗ ಖಾಲಿಯಾಗುತ್ತದೆ, ಒಪ್ಪಿದೆ. ಆದರೆ ಸಣ್ಣ ಸ್ಪ್ರೇ ಬಾಟಲಿಗೆ ತುಂಬಿಸಿ ಬ್ಯಾಗಿನಲ್ಲಿಟ್ಟರೆ ಊಟವಾದ ಮೇಲೆ ಇನ್ನೊಮ್ಮೆ ಹಾಕಬಹುದು, ಯಾರ ತಲೆಯೂ ಸಿಡಿಯುವುದಿಲ್ಲ. ಮೈಗಿಂತ ಕಾಟನ್ ಚೂಡಿದಾರದ ಶಾಲಿನ ಮೇಲೆ ಹಾಕಿದರೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ.

ಪೇಟೆಯ ಅತ್ತರ್ ಅಂಗಡಿಯ ಮಲ್ಲಿಗೆ ರೋಲ್-ಆನ್ ಕೂಡ ನೋಡಿದೆ. ಹೂವೇನೋ ಸರಿ, ಹಣ್ಣಿಲ್ಲ. ತೆಗೆದುಕೊಂಡರೆ ಕಿವಿಯ ಹಿಂದೆ ಮಾತ್ರ ಹಚ್ಚಿ. ತಿಳಿಬಣ್ಣದ ಸೀರೆಗೆ ತಾಗಿದರೆ ಎಣ್ಣೆ ಕಲೆ ಬಿಡುತ್ತದೆ.