ದೇವರಿಗೆ ತರ್ಕದ ಸಾಕ್ಷಿ: ಉದಯನರೋ, ರಾಮಾನುಜರೋ?

ನಂಬಿಕೆಯನ್ನು ತರ್ಕದಿಂದ ಸಮರ್ಥಿಸಬೇಕು ಅನ್ನುವವರು ಮೊದಲು ಯಾರನ್ನು ಓದಬೇಕು? ನನ್ನ ಮಟ್ಟಿಗೆ ಆಯ್ಕೆ ಈ ಇಬ್ಬರ ನಡುವೆ.

ಮಿಥಿಲೆಯ ತರ್ಕಶಾಸ್ತ್ರಜ್ಞ ಉದಯನರದು ನೇರ ದಾರಿ. ಸುಮಾರು 1000 ವರ್ಷಗಳ ಹಿಂದೆ ‘ನ್ಯಾಯಕುಸುಮಾಂಜಲಿ’ ಬರೆದಾಗ ಅವರು ವೇದ ಒಪ್ಪದ ಬೌದ್ಧರಿಗೂ ಉತ್ತರ ಕೊಡಬೇಕಿತ್ತು. ಹಾಗಾಗಿ ವಾದ ಎಲ್ಲರಿಗೂ ಕಾಣುವ ಸಂಗತಿಯಿಂದ ಶುರುವಾಗುತ್ತದೆ: ಮಡಕೆಗೆ ಕುಂಬಾರ ಇದ್ದಾನೆ, ಜಗತ್ತಿಗೂ ಒಬ್ಬ ಕರ್ತೃ ಬೇಕು.

ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ದೇವರನ್ನು ಪೂರ್ತಿ ನಂಬಿದವರು. ಆದರೂ ಬ್ರಹ್ಮಸೂತ್ರಗಳಿಗೆ ಬರೆದ ವ್ಯಾಖ್ಯಾನ ‘ಶ್ರೀಭಾಷ್ಯ’ದಲ್ಲಿ ಇಂಥದೇ ವಾದದ ಎಳೆಗಳನ್ನು ಒಂದೊಂದಾಗಿ ಬಿಚ್ಚಿ ತಳ್ಳಿಹಾಕುತ್ತಾರೆ. ರಥ, ಅರಮನೆಯಂಥ ದೊಡ್ಡ ಕೆಲಸಕ್ಕೆ ಹಲವರು ಕೈ ಹಾಕುತ್ತಾರೆ, ಅಲ್ವಾ? ಹಾಗಾದರೆ ಜಗತ್ತಿಗೆ ಕರ್ತೃ ಒಬ್ಬನೇ ಅಂತ ಹೇಗೆ ಹೇಳುವುದು? ಕುಂಬಾರನಿಗೆ ಮೈಯಿದೆ, ದೇವರಿಗೂ ಬೇಕೆ? ಆದ್ದರಿಂದ ದೇವರ ವಿಷಯಕ್ಕೆ ಶಾಸ್ತ್ರವೇ ಪ್ರಮಾಣ, ತರ್ಕ ಅದರ ಬೆಂಬಲಕ್ಕೆ ಮಾತ್ರ.

ನಂಬದ ಗೆಳೆಯರ ಜೊತೆ ಮಾತಾಡಬೇಕಾದರೆ ಉದಯನರನ್ನು ಹಿಡಿಯಿರಿ. ನಿಮ್ಮ ನಂಬಿಕೆ ಯಾವುದರ ಮೇಲೆ ನಿಂತಿದೆ ಅಂತ ನೋಡಬೇಕಾದರೆ ರಾಮಾನುಜರು. ನನ್ನ ಒಲವು ಅವರ ಕಡೆಗೇ ಜಾಸ್ತಿ. ತಮ್ಮ ಪಕ್ಷಕ್ಕೇ ಅನುಕೂಲವಾದ ವಾದವನ್ನು ಗಟ್ಟಿಯಿಲ್ಲ ಅಂತ ಬಿಟ್ಟುಕೊಡಲು ದೊಡ್ಡ ಪ್ರಾಮಾಣಿಕತೆ ಬೇಕು. ಆದರೆ ಉದಯನರ ವಾದ ಗೊತ್ತಿಲ್ಲದೆ ಶ್ರೀಭಾಷ್ಯದ ಆ ಭಾಗ ಓದಿದರೆ ಅರ್ಧವೇ ಅರ್ಥವಾಗುತ್ತದೆ.