ಜಾಬಿಕ್ಸ್ ಜೊತೆ ಐದು ಮಳೆಗಾಲ

ಮಲೆನಾಡಿನ ಕಾಲೇಜೊಂದರಲ್ಲಿ 4 ಸರ್ವರ್, ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ 24 ಪೋರ್ಟಿನ 31 ಸ್ವಿಚ್ ಮತ್ತು ಒಂದು ಯುಪಿಎಸ್ ನೋಡಿಕೊಳ್ಳುವ ಕೆಲಸ ನನ್ನದು. ಇವೆಲ್ಲ ಸರಿಯಾಗಿ ನಡೆಯುತ್ತಿವೆಯೇ ಎಂದು ಸದಾ ಅಳೆದು, ಕೆಟ್ಟರೆ ಎಚ್ಚರಿಸಲು ಹಿಂದೆ ಹಣ ಕೊಟ್ಟು ಬಳಸುತ್ತಿದ್ದ ತಂತ್ರಾಂಶವು ಪ್ರತಿಯೊಂದು ಅಳತೆಗೂ ಲೈಸೆನ್ಸ್ ಲೆಕ್ಕ ಹಾಕುತ್ತಿದ್ದುದರಿಂದ, ಹೊಸ ಸ್ವಿಚ್ ಬಂದಾಗಲೆಲ್ಲ ಹಳೆಯ ಯಾವ ಪೋರ್ಟನ್ನು ಪಟ್ಟಿಯಿಂದ ಕೈಬಿಡುವುದೆಂಬ ಚರ್ಚೆಯಾಗುತ್ತಿತ್ತು. ಅದೇ ಕೆಲಸ ಮಾಡುವ, ಲಾಟ್ವಿಯಾ ಮೂಲದ ಜಾಬಿಕ್ಸ್‌ಗೆ ಲೈಸೆನ್ಸ್ ಶುಲ್ಕವೇ ಇಲ್ಲದಿರುವುದು ನಮ್ಮ ಆಡಳಿತ ಮಂಡಳಿಗೆ ಹಿಡಿಸಿತು. ಇಂಥದ್ದೇ ಇನ್ನೊಂದು ತಂತ್ರಾಂಶವಾದ ನಾಗಿಯೋಸ್ ಕೂಡ ನೋಡಿದ್ದೆ. ಒಂದೊಂದು ಸಾಧನವನ್ನೂ ಪಠ್ಯ ಕಡತದಲ್ಲಿ ಬರೆದು ಸೇರಿಸುವ ತಾಳ್ಮೆ ನನಗಿರಲಿಲ್ಲ.

ಮೊದಲ ಮಳೆಗಾಲದಲ್ಲಿ ಜಾಬಿಕ್ಸನ್ನು ಬೈದುಕೊಂಡದ್ದೇ ಹೆಚ್ಚು. ಹಾಸ್ಟೆಲಿನ ಮುಖ್ಯ ಸ್ವಿಚ್ ಆರಿದರೆ ಅದರ ಹಿಂದಿರುವ 11 ಸ್ವಿಚ್‌ಗಳೂ ಕೈಗೆ ಸಿಗವು. ಕರೆಂಟ್ ನಾಲ್ಕು ಸಲ ಹೋಗಿ ಬಂದ ಒಂದು ರಾತ್ರಿ, ಬಿದ್ದದ್ದಕ್ಕೂ ಎದ್ದದ್ದಕ್ಕೂ ಸೇರಿ ಫೋನಿಗೆ 96 ಸಂದೇಶ ಬಂದಿದ್ದವು. ತಪ್ಪು ನನ್ನದೇ. ಹಿಂದಿನ ಸ್ವಿಚ್‌ಗಳ ಟ್ರಿಗರ್‌ಗಳು (ಯಾವಾಗ ಎಚ್ಚರಿಸಬೇಕೆಂಬ ನಿಯಮಗಳು) ಮುಖ್ಯ ಸ್ವಿಚ್ಚಿನ ಟ್ರಿಗರನ್ನು ಅವಲಂಬಿಸಿವೆಯೆಂದು ಗುರುತು ಹಾಕಿದರೆ, ಮುಖ್ಯ ಸ್ವಿಚ್ ಬಿದ್ದಾಗ ಉಳಿದವು ಸುಮ್ಮನಿರುತ್ತವೆ. ಆದರೆ ಮುಖ್ಯ ಸ್ವಿಚ್ಚಿನ ತಪಾಸಣೆ ಉಳಿದವುಗಳಿಗಿಂತ ಬೇಗ ನಡೆಯಬೇಕು, ಇಲ್ಲವಾದರೆ ಹಿಂದಿನ ಸ್ವಿಚ್ಚುಗಳೇ ಮೊದಲು ಕೂಗಿಕೊಳ್ಳುತ್ತವೆ. ಅದನ್ನು 30 ಸೆಕೆಂಡಿಗೂ ಉಳಿದವನ್ನು 3 ನಿಮಿಷಕ್ಕೂ ಇಟ್ಟ ಮೇಲೆ ನಿದ್ದೆ ಮರಳಿತು.

ಬೆಳಿಗ್ಗೆ ಬೀಗ ತೆಗೆದು ಮೊದಲು ನೋಡುವುದು ಯುಪಿಎಸ್ ಬ್ಯಾಟರಿಯ ನಕ್ಷೆಯನ್ನು. ಇದಕ್ಕೆ ಬೇಕಾದ, ಯುಪಿಎಸ್ಸಿನ ಸ್ಥಿತಿಯನ್ನು ಜಾಲದ ಮೂಲಕ ತಿಳಿಸುವ ಎಸ್‌ಎನ್‌ಎಂಪಿ ಕಾರ್ಡೊಂದೇ ನಾವು ಹಣ ಕೊಟ್ಟು ತಂದದ್ದು. ರಾತ್ರಿ ಎಷ್ಟು ಹೊತ್ತಿಗೆ ಕರೆಂಟ್ ಹೋಯಿತು, ಎಷ್ಟಕ್ಕೆ ಬಂತು ಎಂಬುದನ್ನು ಆ ಗೆರೆಯ ಇಳಿತ-ಏರಿನಲ್ಲೇ ಓದಬಹುದು. ನಾಲ್ಕನೆಯ ವರ್ಷ, ಅದೇ ಅರ್ಧ ಗಂಟೆಯ ಕಡಿತಕ್ಕೆ ಗೆರೆ ಹಿಂದಿಗಿಂತ ಕಡಿದಾಗಿ ಇಳಿಯತೊಡಗಿದ್ದನ್ನು ಪ್ರಾಂಶುಪಾಲರಿಗೆ ತೋರಿಸಿದೆ; ಎಂದೂ ಒಂದೇ ಮಾತಿಗೆ ಒಪ್ಪದವರು ಅಂದೇ ಹೊಸ ಬ್ಯಾಟರಿಗೆ ಸಹಿ ಹಾಕಿದರು.

ನನ್ನ ತಕರಾರು ಅಳತೆಗಳೆಲ್ಲ ಸೇರುವ ದತ್ತಸಂಚಯದ (ಡೇಟಾಬೇಸ್) ಹೊಟ್ಟೆಬಾಕತನದ ಬಗ್ಗೆ. ಪ್ರತಿ ಪೋರ್ಟಿನ ಒಳಹರಿವು, ಹೊರಹರಿವು ಎರಡನ್ನೇ 30 ಸೆಕೆಂಡಿಗೊಮ್ಮೆ ಅಳೆದರೂ ದಿನಕ್ಕೆ 42 ಲಕ್ಷ ಮೀರಿದ ಸಾಲುಗಳು ಸೇರುತ್ತವೆ, ಹಳೆಯವನ್ನು ಅಳಿಸುವ ಕೆಲಸ ಆ ವೇಗಕ್ಕೆ ಏಗಲಾರದೆ ಡಿಸ್ಕ್ ತುಂಬುತ್ತದೆ. ಈಗ ಪೋರ್ಟುಗಳಿಗೆ 5 ನಿಮಿಷದ ಅಂತರ, ಬಿಡಿ ಅಂಕಿಗಳನ್ನು ಉಳಿಸಿಕೊಳ್ಳಲು 14 ದಿನ, ಗಂಟೆಯ ಸರಾಸರಿಗೆ ಒಂದು ವರ್ಷ ಎಂದು ಇಟ್ಟಿದ್ದೇನೆ. ಹೊಸದಾಗಿ ಹಾಕುವವರು ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದ ಮೇಲೆ ಟೈಮ್‌ಸ್ಕೇಲ್ ವಿಸ್ತರಣೆಯನ್ನು ಮೊದಲ ದಿನವೇ ಕೂಡಿಸಿಕೊಳ್ಳಲಿ. ಅದರಲ್ಲಿ ಹಳೆಯ ದತ್ತಾಂಶವನ್ನು ಸಾಲುಸಾಲಾಗಿ ಅಳಿಸದೆ ಇಡೀ ತುಂಡಾಗಿ ತೆಗೆದುಹಾಕಬಹುದು. ನಾನು ಮೈಎಸ್‌ಕ್ಯೂಎಲ್ ಎಂಬ ಬೇರೆ ದತ್ತಸಂಚಯದಲ್ಲಿ ಆರಂಭಿಸಿದ್ದರಿಂದ, ಬೇಸಿಗೆ ರಜೆಯಲ್ಲಿ ಎಲ್ಲವನ್ನೂ ಅಲ್ಲಿಗೆ ಸಾಗಿಸುವ ಕೆಲಸ ಇನ್ನೂ ಬಾಕಿಯಿದೆ.